ಮ್ಯಾಗ್ನೆಟ್ ಕುರ್ಚಿಯಲ್ಲಿ ಕೂರುವ ಮೊದಲು

ನ್ಯೂ ಟೌನ್, ಭದ್ರಾವತಿ
ಶುಕ್ರವಾರ, 14-11-2025

ಪ್ರೀತಿಯ ಜಯಶೀಲಾ,

ಹೇಗಿದ್ದೀಯ? ಊಟ ಸೇರುತ್ತಿದೆಯೇ? ಮಗಳ ಮನೆಯೆಂದು ಸಂಕೋಚಪಟ್ಟು ಎರಡು ತುತ್ತಿಗೇ ಕೈ ತೊಳೆಯಬೇಡ. ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಶುಗರ್ ಮಾತ್ರೆ ನುಂಗುತ್ತಿದ್ದೇನೆ, ಎರಡು ದಿನ ಅನ್ನ ಸೀದುಹೋಯಿತು, ಉಳಿದಂತೆ ಮೈಯೆಲ್ಲ ಸಿಟ್ಟು. ಫೋನ್ ಕೊಟ್ಟರೆ ನೀನು ಮುಟ್ಟುವುದೂ ಇಲ್ಲವೆಂದು ಸಂಧ್ಯಾ ಹೇಳಿದಳು. ಅದಕ್ಕೇ ಈ ಕಾಗದ. ಪಕ್ಕದ ಮನೆಯ ವೀಣಾ ನಾಳೆ ನೀವಿರುವ ರವೀಂದ್ರನಗರಕ್ಕೇ ಬರುತ್ತಾಳೆ, ನಿನ್ನ ಕೈಗೇ ಕೊಡುತ್ತಾಳೆ.

ನಿನ್ನೆ ಅಳಿಯ ಲೋಹಿತ್ ನನ್ನನ್ನೂ ಬೀಗಿತ್ತಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಸವಳಂಗ ರಸ್ತೆಯ ಆ ಮನೋರೋಗದ ಆಸ್ಪತ್ರೆಗೆ ಹೋದ. ದಾರಿಯುದ್ದಕ್ಕೂ ಅದೇ ಪುರಾಣ. "ಮಾವ, ಇದು ಲೇಟೆಸ್ಟು. ಆಪರೇಷನ್ ಇಲ್ಲ, ಶಾಕ್ ಇಲ್ಲ. ತಲೆ ಹತ್ರ ಮ್ಯಾಗ್ನೆಟ್ ಹಿಡೀತಾರೆ ಅಷ್ಟೆ. ಒಂದು ತಿಂಗಳಲ್ಲಿ ಅತ್ತೆ ಮೊದಲಿನ ತರ ಆಗ್ತಾರೆ." ಮ್ಯಾಗ್ನೆಟ್ ಎಂದರೇನೆಂದು ಇವನು ನನಗೆ ಹೇಳಿಕೊಡಬೇಕೇ? ಮೂವತ್ತೊಂದು ವರ್ಷ ಕಾರ್ಖಾನೆಯ ಗುಜರಿ ಯಾರ್ಡಿನಲ್ಲಿ ಮ್ಯಾಗ್ನೆಟ್ ಕ್ರೇನ್ ಓಡಿಸಿದವನು ನಾನು. ಸ್ವಿಚ್ ಹಾಕಿದರೆ ಟನ್‌ಗಟ್ಟಲೆ ಕಬ್ಬಿಣ ಮೇಲೇಳುತ್ತದೆ, ತೆಗೆದರೆ ಅಷ್ಟೂ ದಬಾರನೆ ಬೀಳುತ್ತದೆ. ಇವರು ಸ್ವಿಚ್ ತೆಗೆದ ಮೇಲೆ ನನ್ನ ಹೆಂಡತಿ ಎಲ್ಲಿ ಬೀಳುತ್ತಾಳೆ ಎಂದು ಯಾರೂ ಹೇಳಲಿಲ್ಲ.

ಒಳಗೆ ಕ್ಷೌರದಂಗಡಿಯಲ್ಲಿರುವಂಥ ಒಂದು ಕುರ್ಚಿ. ತಲೆಯ ಬಳಿ ಹಿಡಿಯುವುದು ಅಕ್ಕಪಕ್ಕ ಇಟ್ಟ ಎರಡು ಚಕ್ಕುಲಿಯ ಹಾಗಿದೆ. ಅದಕ್ಕೆ ಈ ಆರ್ಭಟ! ಡಾಕ್ಟರು ಅಮೂಲ್ಯ ಎಂಬ ಹುಡುಗಿ, ನಮ್ಮ ಸಂಧ್ಯಾಗಿಂತ ಚಿಕ್ಕವಳು. ನಮ್ಮಲ್ಲಿ ರಿಪೇರಿಯಾದ ಕ್ರೇನ್ ತೂಕ ಎತ್ತಿ ತೋರಿಸದೆ ಕೆಲಸಕ್ಕೆ ಇಳಿಯುತ್ತಿರಲಿಲ್ಲ, ನಿಮ್ಮದು ತಯಾರಾಗಿದೆಯೇ ಎಂದು ಕೇಳಿದೆ. "ಪರೀಕ್ಷೆ ಎಲ್ಲಾ ಆಗಿದೆ ಸಾರ್. ಮಾತ್ರೆ ಕೈಹಿಡೀದೆ ಇರೋರಿಗೆ ಕೊಡ್ತೀವಿ. ಕೆಲವರು ಚೆನ್ನಾಗಿ ಗುಣ ಆಗ್ತಾರೆ, ಕೆಲವರಿಗೆ ಅರ್ಧ, ಕೆಲವರಿಗೆ ಏನೂ ಆಗಲ್ಲ. ಯಾರಿಗೆ ಏನು ಅಂತ ಮೊದಲೇ ಹೇಳಕ್ಕಾಗಲ್ಲ" ಎಂದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! "ಅರ್ಧ ಎತ್ತೋ ಕ್ರೇನಿನ ಕೆಳಗೆ ನಾವು ನಾಯಿನೂ ನಿಲ್ಲಿಸ್ತಿರಲಿಲ್ಲ ಕಣಮ್ಮ" ಎಂದು ಕೂಗಿಬಿಟ್ಟೆ. ಹೊರಗೆ ಕೂತವರೆಲ್ಲ ಬಗ್ಗಿ ನೋಡಿದರು. ಬೀಗಿತ್ತಿ ಬಾಯಿಗೆ ಸೆರಗು ಹಿಡಿದರು. ಲೋಹಿತ್ ಮಾತ್ರ ನನ್ನ ಕಡೆ ತಿರುಗದೆ ಅವರು ಕೊಟ್ಟ ಫಾರಂನಲ್ಲಿ ಇಲ್ಲ, ಇಲ್ಲ, ಇಲ್ಲ ಎಂದು ಸರಸರನೆ ತುಂಬಿ ಸಹಿ ಹಾಕಿದ. ಸೋಮವಾರ ಹತ್ತು ಗಂಟೆಗೆ ಶುರುವಂತೆ. ನಾನು ಅವನ ಕಾರನ್ನೂ ಹತ್ತದೆ ಬಸ್ಸು ಹಿಡಿದು ಬಂದೆ.

ಐದು ತಿಂಗಳಿಂದ ನೀನು ಗೋಡೆಯ ಕಡೆ ಮುಖ ಮಾಡಿ ಮಲಗಿರುವುದನ್ನು ನೋಡಿದ್ದೇನೆ. ಮೂರು ತರದ ಮಾತ್ರೆ ನುಂಗಿಸಿದ್ದೂ ನಾನೇ. ನೀನು ಏಳಬೇಕೆಂಬ ಆಸೆ ಅಳಿಯನಿಗೊಬ್ಬನಿಗೇ ಇದೆ ಎಂಬಂತೆ ಸಂಧ್ಯಾ ಫೋನಿನಲ್ಲಿ ನನ್ನನ್ನೇ ಬೈದಳು. ಬೈಯಲಿ.

ಬೀಗಿತ್ತಿಗೆ ನನ್ನ ನಮಸ್ಕಾರ ಹೇಳು. ಮಗಳಿಗೆ ಆಶೀರ್ವಾದ. ಅಳಿಯನಿಗೆ ಸದ್ಯಕ್ಕೆ ಏನೂ ಇಲ್ಲ. ನಿನ್ನನ್ನು ದೇವರು ಬೇಗ ಗುಣಪಡಿಸಲಿ.

ನಿನ್ನವನೇ,
ಮುರುಗೇಶಪ್ಪ

ಮಡಿಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ನಾಳೆ ಬೆಳಿಗ್ಗೆಯೇ ಹೊರಡಬೇಕೆಂದು ವೀಣಾ ಕಾಗದ ಒಯ್ಯಲು ಇವತ್ತೇ ಬಂದು ಬಾಗಿಲಲ್ಲಿ ನಿಂತಿದ್ದಾಳೆ. ಆ ಫಾರಂನಲ್ಲಿ ತಲೆಯಲ್ಲಾಗಲಿ ಕಿವಿಯಲ್ಲಾಗಲಿ ಲೋಹ ಇದೆಯೇ ಎಂದು ಕೇಳಿತ್ತು. ಆ ಡಾಕ್ಟರು ಹುಡುಗಿ ಎರಡು ಸಲ ಓದಿ ಹೇಳಿದಳು, "ಚಿಕ್ಕ ತಂತಿ ಇದ್ರೂ ಹೇಳ್ಬೇಕು. ಅದನ್ನ ನೋಡದೆ ಪೇಷಂಟನ್ನ ಮಿಷನ್ ಹತ್ರ ತರೋ ಹಾಗಿಲ್ಲ." ಲೋಹಿತ್ 'ಇಲ್ಲ' ಎಂದು ಬರೆದ. ಪಾಪ, ಅವನಿಗೇನು ಗೊತ್ತು? ಸಂಧ್ಯಾ ಹುಟ್ಟುವ ಮೊದಲು ದಾವಣಗೆರೆಯಲ್ಲಿ ನಿನ್ನ ಬಲಗಿವಿಗೆ ಆಪರೇಷನ್ ಮಾಡಿ ತಂತಿ ಕೂರಿಸಿದ್ದು, ತವರಿಗೆ ಹೋಗಿದ್ದಾಳೆಂದು ನಾವು ಊರಿಗೆಲ್ಲ ಹೇಳಿದ್ದು, ನಮ್ಮಿಬ್ಬರಿಗೇ ಗೊತ್ತು. ಸಂಧ್ಯಾಗೆ ಈ ಸಂಬಂಧ ಕೂಡಿಬಂದಾಗ ನೀನು ಆಣೆ ಹಾಕಿಸಿದ್ದೆ: "ಕಿವಿ ವಿಷ್ಯ ಬಾಯಿಬಿಟ್ರೆ ನನ್ನ ಹೆಣ ನೋಡ್ತೀರ. ವಂಶದಲ್ಲೇ ಕಿವುಡು ಅಂತಾರೆ." ಬೀಗಿತ್ತಿ ಪಕ್ಕದಲ್ಲೇ ಇದ್ದರು, ನನ್ನ ನಾಲಿಗೆ ಏಳಲಿಲ್ಲ. ಅದನ್ನು ಹೇಳಲಾಗದೆ ಬೇರೆಯದಕ್ಕೆಲ್ಲ ಕೂಗಾಡಿದೆ. ನಿನ್ನೆ ಅಲ್ಲಿ ಕೇಳಬೇಕಾದ್ದನ್ನು ಕೇಳಿದವಳು ನಾನು ಬೈದ ಆ ಹುಡುಗಿಯೊಬ್ಬಳೇ. ಸೋಮವಾರದೊಳಗೆ ಸಂಧ್ಯಾಗೆ ನೀನೇ ಹೇಳು ಮಾರಾಯ್ತಿ. ಹೇಳದಿದ್ದರೆ ಒಂಬತ್ತಕ್ಕೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತೇನೆ, ಬೀಗಿತ್ತಿಯ ಎದುರೇ ಹೇಳುತ್ತೇನೆ. ಆಣೆ ಮುರಿದನೆಂದು ಆಮೇಲೆ ಬಾಯಿಗೆ ಬಂದ ಹಾಗೆ ಬೈ. ನೀನು ನನ್ನನ್ನು ಬೈದು ಐದು ತಿಂಗಳಾಯಿತು.