ಇದ್ದಾಳಲ್ಲ ನಮ್ಮ ನಾದಿನಿ

ಮುಂಗಡಪತ್ರ ಸಿದ್ಧಪಡಿಸುವ ಮಾನ್ಯರೇ,

ನಮ್ಮೂರಿನ ಶಿಶುಪಾಲನಾ ಕೇಂದ್ರಕ್ಕೆ ಈ ವರ್ಷ ನೀವು ಬಿಡಿಗಾಸೂ ಕೊಟ್ಟಿಲ್ಲ. ಬೀಗ ಜಡಿದ ಬಾಗಿಲಿಗೆ ಕಾರಣವನ್ನೂ ಅಂಟಿಸಿದ್ದೀರಿ: ‘ಮಕ್ಕಳನ್ನು ನೋಡಿಕೊಳ್ಳಲು ಮನೆಗಳಲ್ಲೇ ಜನರಿರುವುದು ಸಮೀಕ್ಷೆಯಿಂದ ದೃಢಪಟ್ಟಿದೆ.’ ನಿಮ್ಮನ್ನು ತರಾಟೆಗೆ ತೆಗೆದುಕೊಳ್ಳಲೆಂದೇ ಬರೆಯಲು ಕೂತೆ. ಆದರೆ ಹಾಗೆ ದೃಢಪಡಿಸಿದವರಲ್ಲಿ ನಾನೂ ಒಬ್ಬಳು. ಅದನ್ನು ಮುಚ್ಚಿಟ್ಟು ನಿಮ್ಮನ್ನು ಬೈಯಲು ಮನಸ್ಸು ಒಪ್ಪುತ್ತಿಲ್ಲ.

ನಾನು ಡೇರಿಯಲ್ಲಿ ಹಾಲು ಅಳೆಯುವವಳು. ಮಗಳಿನ್ನೂ ಚಿಕ್ಕವಳು. ಸಮೀಕ್ಷೆಯವರು ಬಂದ ದಿನ ಜಗಲಿಯಲ್ಲಿ ಕೂರಿಸಿ ನೀರು ಕೊಟ್ಟೆ. ‘ನೀವು ಕೆಲಸಕ್ಕೆ ಹೋದಾಗ ಮಗೂನ ನೋಡ್ಕೊಳ್ಳೋಕೆ ಮನೇಲಿ ಯಾರಾದ್ರೂ ಇದ್ದಾರಾ?’ ಎಂದು ಕೇಳಿದರು. ಯಾರೂ ಇಲ್ಲ ಎಂದರೆ ನಮ್ಮಲ್ಲಿ ಮರ್ಯಾದೆಗೆ ಕುಂದು. ಮಗುವಿಗೆ ದಿಕ್ಕಿಲ್ಲ ಎಂದು ಸಾರಿದಂತೆ. ಹಾಗಾಗಿ ಬೀದಿಯ ಎಲ್ಲರಂತೆ ನಾನೂ, ‘ಇದ್ದಾಳಲ್ಲ ನಮ್ಮ ನಾದಿನಿ’ ಅಂದುಬಿಟ್ಟೆ. ಮಗು ಆಗ ನಿಮ್ಮ ಕೇಂದ್ರದಲ್ಲೇ ಆಡುತ್ತಿತ್ತು. ಲಾರಿ ಓಡಿಸುವ ನನ್ನ ಗಂಡನಿಗೆ ಅಂದು ರಜೆ; ಅಲ್ಲೇ ಕಾಲು ಚಾಚಿ ಪೇಪರು ಓದುತ್ತಿದ್ದರು. ಅವರ ಹೆಸರನ್ನು ಸಮೀಕ್ಷೆಯವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾದಿನಿಗೆ ಪಟ್ಟಣದಲ್ಲಿ ಪಂಪ್‌ಸೆಟ್ ರಿಪೇರಿ ತರಬೇತಿಗೆ ಸೀಟು ಸಿಕ್ಕಿತ್ತು. ಹೆಣ್ಣುಮಕ್ಕಳಿಗೆ ಪೂರ್ತಿ ಉಚಿತ. ಅದೂ ನಿಮ್ಮದೇ ಮುಂಗಡಪತ್ರದ ಔದಾರ್ಯ. ಒಂದು ಕೈಯಲ್ಲಿ ಸೀಟು ಕೊಟ್ಟಿರಿ, ಇನ್ನೊಂದು ಕೈಯಲ್ಲಿ ನನ್ನ ಮಗುವನ್ನು ಅವಳ ಕಂಕುಳಿಗೆ ಏರಿಸಿದಿರಿ. ಅವಳು ಹೋಗಲಿಲ್ಲ. ಅಂಥವರು ಇನ್ನೆಷ್ಟು ಮಂದಿಯೋ, ಅರ್ಧ ಸೀಟುಗಳು ಖಾಲಿ ಉಳಿದಿವೆಯಂತೆ. ಮುಂದಿನ ವರ್ಷ ‘ಗ್ರಾಮೀಣ ಮಹಿಳೆಯರಿಗೆ ಆಸಕ್ತಿಯಿಲ್ಲ’ ಎಂದು ಅದನ್ನೂ ಉಳಿತಾಯಕ್ಕೆ ಸೇರಿಸುವಿರಾ? ಸರ್ಕಾರ ಉಳಿಸಿದ್ದನ್ನು ಯಾರು ತೆರುತ್ತಿದ್ದಾರೆಂದು ನಿಮ್ಮ ಸಭೆಯಲ್ಲಿ ಒಬ್ಬರಿಗಾದರೂ ಹೊಳೆಯಲಿಲ್ಲವೇ? ನಿಮ್ಮ ವರದಿಯಲ್ಲಿ ನಾನು ಸ್ವಾವಲಂಬಿ ಮಹಿಳೆ, ಅವಳು ಕೆಲಸವಿಲ್ಲದವಳು. ಬೆಳಗ್ಗೆ ಚಪ್ಪಲಿ ಮೆಟ್ಟಿ ಹೊರಡುವಾಗ ಅವಳ ಮುಖ ನೋಡಲು ನನಗಾಗುವುದಿಲ್ಲ.

ಮೊನ್ನೆ ತಡೆಯಲಾರದೆ, ‘ನನ್ನಿಂದ ನಿಂಗೆ ಹೀಗಾಯ್ತು ಕಣೆ’ ಎಂದೆ. ಮಗುವಿನ ತಲೆ ಬಾಚುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು: ‘ಕೇಳಿದ್ರೆ ನಾನೇ ನೋಡ್ಕೋತೀನಿ ಅಂತಿದ್ನೇನೋ ಅತ್ತಿಗೆ. ಅವತ್ತು ಒಳಗೇ ಇದ್ದೆ. ಯಾರೂ ಕೇಳ್ಲಿಲ್ಲ.’

ಆದ್ದರಿಂದ ನನ್ನ ಉತ್ತರವನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ನಮ್ಮ ಮನೆಯಲ್ಲಿ ಪುಕ್ಕಟೆ ಜನ ಯಾರೂ ಇಲ್ಲ ಎಂದು ತಿದ್ದಿಕೊಳ್ಳಿ. ತರಬೇತಿಯ ಎರಡನೇ ತಂಡ ಶುರುವಾಗುವ ಮೊದಲು ಕೇಂದ್ರದ ಬೀಗ ತೆಗೆಸಿ. ತೆಗೆಸದಿದ್ದರೂ ನಾದಿನಿ ಹೋಗುತ್ತಾಳೆ. ಮಗುವನ್ನು ನಾನೂ ನನ್ನ ಗಂಡನೂ ಸರದಿಯಲ್ಲಿ ನೋಡಿಕೊಳ್ಳುತ್ತೇವೆ; ಅವರನ್ನು ಇನ್ನೂ ಕೇಳಿಲ್ಲ. ಅವಳನ್ನು ಮಾತ್ರ ಈ ಸಲ ಕೇಳಿದ್ದೇನೆ. ಹೂಂ ಅಂದಿದ್ದಾಳೆ.

ಇಂತಿ,
ಇನ್ನೊಬ್ಬಳ ಪಾಲಿನ ಉತ್ತರವನ್ನು ತಾನೇ ಕೊಟ್ಟುಬಿಟ್ಟ,
ನಿಮ್ಮ ವರದಿಯ ಸ್ವಾವಲಂಬಿ ಮಹಿಳೆ