ಹೊಳೆಬೀದಿಯಲ್ಲಿ ಕರೆದ ಹೆಸರುಗಳು

ಅಬ್ಬಾ,

ಹೋದ ವಾರ ಶಿಂಷೆ ಉಕ್ಕಿ ಬಂದಳು. ನೀವಿಲ್ಲದ ಮೊದಲ ಮಳೆಗಾಲ ಇದು. ನಡೆದದ್ದನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ?

ನಾನು ತುಮಕೂರಿನಲ್ಲಿ ಬಿ.ಎ. ಮುಗಿಸಿ ಬಂದ ವರ್ಷ ನೆನಪಿದೆಯಾ? ಹೊಳೆ ಏರುತ್ತಿದೆ ಎಂದು ಕುಣಿಗಲ್‌ನಿಂದ ಸುದ್ದಿ ಬಂದಿತ್ತು. ನಂಜಪ್ಪನ ಜಟಕಾಕ್ಕೆ ನಮ್ಮ ಮೈಕ್ ಸೆಟ್ ಕಟ್ಟುತ್ತಾ, ಪ್ರಕಟಣೆ ಬರೆದುಕೊಡು ಅಂದಿರಿ. 'ನದೀತೀರದ ಸಾರ್ವಜನಿಕರು ಸುರಕ್ಷಿತ ಸ್ಥಳಗಳಿಗೆ ತೆರಳಬೇಕಾಗಿ ವಿನಂತಿ' ಎಂದು ದುಂಡಗೆ ಬರೆದೆ. ಹೊಳೆಬೀದಿಯಲ್ಲಿ ನೀವು ಅದನ್ನು ಎರಡು ಸಲ ಓದಿದಿರಿ. ಜನ ಬಾಗಿಲಿಗೆ ಬಂದರು, ಜಟಕಾ ನೋಡಿದರು, ಒಳಗೆ ಹೋದರು.

"ಸಾರ್ವಜನಿಕ್ರು ಅಂದ್ರೆ ಯಾರ್ ಮನೆಯೋರು ಬೇಟಾ?" ಎಂದು ಚೀಟಿ ಮಡಿಸಿ ಜೇಬಿಗೆ ಹಾಕಿದಿರಿ. ಆಮೇಲೆ ಶುರುವಾಯಿತು ನಿಮ್ಮದು. "ಏಯ್ ಪುಟ್ಟಸ್ವಾಮಿ, ಎಮ್ಮೆ ಬಿಚ್ಕೊಂಡು ಸ್ಕೂಲ್ ದಿಬ್ಬಕ್ಕೆ ಹೊಡ್ಯೋ! ಗಂಗಮ್ಮಕ್ಕ, ಆ ಪೆಟ್ಟಿಗೆ ಬುಟ್ಟು ಬಾರಕ್ಕ, ನಿನ್ ಸೀರೇನ ಹೊಳೆ ಉಟ್ಕೊಂತದಾ?" ಬೀದಿಯೆಲ್ಲ ನಕ್ಕಿತು. ನಗುತ್ತಲೇ ಹೊರಟಿತು. ಜಟಕಾದ ಒಳಗೆ ಮುದುರಿ ಕೂತಿದ್ದ ನನಗೆ ಮಾತ್ರ ನಾಚಿಕೆ.

ಈ ಸಲ ನಂಜಪ್ಪನೇ ಮಧ್ಯಾಹ್ನ ಜಟಕಾ ತಂದು ನಿಲ್ಲಿಸಿದ. "ಸಾಬ್ರಿಲ್ಲ, ನೀನೇ ಮೈಕಲ್ಲಿ ಕರಿಯವ್ವ. ಜನದ ಹೆಸ್ರೆಲ್ಲ ಗೊತ್ತಲ್ಲ?" ಬಸ್ಸಿನಲ್ಲಿ 'ನಿಲ್ಸಿ' ಅನ್ನಲು ನಾಚಿ ಮುಂದಿನ ಊರಲ್ಲಿ ಇಳಿದು ನಡೆದು ಬರುತ್ತಿದ್ದವಳು ನಾನು. ಆದರೂ ಮೈಕ್ ಹಿಡಿದೆ. ಒಬ್ಬೊಬ್ಬರನ್ನೇ ಕರೆದೆ. ಪುಟ್ಟಸ್ವಾಮಣ್ಣ ಬಾಗಿಲಲ್ಲಿ ಕೂತುಕೊಂಡೇ, "ಹಿಂಗ್ ಮರ್ಯಾದೆ ಕೊಟ್ಟು ಕರೆದ್ರೆ ನಾನ್ ಏಳಲ್ಲ, ನಿಮ್ಮಪ್ಪನಂಗೆ ಬಯ್ಯಮ್ಮ!" ಅಂದ. ಬೈದೆ. ಎದ್ದ. ಒಂದು ಗಂಟೆಯೊಳಗೆ ಬೀದಿ ಖಾಲಿಯಾಯಿತು.

ದಿಬ್ಬದ ಮೇಲೆ ಉಸಿರು ಬಿಟ್ಟಿದ್ದೆ ಅಷ್ಟೆ. "ಇಟ್ಟಿಗೆ ಗೂಡಿನೋರು ಎಲ್ಲಿ?" ಎಂದಳು ಗಂಗಮ್ಮಕ್ಕ. ಎರಡು ತಿಂಗಳ ಹಿಂದೆ ಬಂದು, ಬೀದಿಯ ಕೊನೆಯಲ್ಲಿ ಗುಡಿಸಲು ಹಾಕಿಕೊಂಡವರು. ದಿನಾ ನೋಡುತ್ತಿದ್ದೆ. ಹೆಸರು ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ, ಅಬ್ಬಾ? ನಾಚಿಕೆ ಅಂದರೆ ನೀವು ಒಪ್ಪುತ್ತಿದ್ದಿರಾ?

ಆಗಲೇ ಬೀದಿಯಲ್ಲಿ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಹರಿಯೋ ನೀರಿಗೆ ಕಾಲಿಡಬಾರದು, ಮೊಣಕಾಲುದ್ದ ಇದ್ದರೂ ಎಳೆದು ಕೆಡವುತ್ತೆ ಅಂತ ನೀವು ಎಷ್ಟು ಸಲ ಹೇಳಿಲ್ಲ! ಪುಟ್ಟಸ್ವಾಮಣ್ಣನೂ ನಾನೂ ಸುತ್ತು ಹಾಕಿ ಮೇಲಿನ ಹೊಲದ ಬದುವಿನಲ್ಲಿ ಓಡಿದೆವು. ಗುಡಿಸಲಿನ ಹಿಂಬದಿಗೆ ಇನ್ನೂ ನೀರು ಮುಟ್ಟಿರಲಿಲ್ಲ. ಒಳಗೆ ಗಂಡ, ಹೆಂಡತಿ, ಮಡಿಲಲ್ಲೊಂದು ಕೂಸು. ಪಾತ್ರೆ, ಬಟ್ಟೆ ಎಲ್ಲ ಗಂಟು ಕಟ್ಟಿಟ್ಟುಕೊಂಡು ಕೂತಿದ್ದರು.

"ಮೈಕಲ್ಲಿ ಕೂಗಿದ್ದು ಕೇಳಿಸ್ಲಿಲ್ವಾ?" ಎಂದೆ.

"ಕೇಳಿಸ್ತವ್ವ," ಅಂದಳು ಆಕೆ. "ಎಲ್ರ ಹೆಸ್ರೂ ಕರೀತಿದ್ರಲ್ಲ, ನಮ್ದೂ ಬತ್ತದೆ ಅಂತ ಕಾಯ್ತಿದ್ವಿ."

ಪುಟ್ಟಸ್ವಾಮಣ್ಣ ಗಂಟು ಎತ್ತಿಕೊಂಡ. ನಾನು ಕೂಸನ್ನು ಎತ್ತಿಕೊಂಡೆ. ಬದು ಹಿಡಿದು ದಿಬ್ಬ ಸೇರಿದೆವು. ಕತ್ತಲಾಗುವ ಮೊದಲೇ ಗುಡಿಸಲಿನ ಸೂರು ತೇಲಿಹೋದದ್ದನ್ನು ಅವರೂ ನಾವೂ ನಿಂತು ನೋಡಿದೆವು.

ಅವನು ತಿಮ್ಮಯ್ಯ, ಅವಳು ಲಕ್ಕಮ್ಮ. ಮಧುಗಿರಿ ಕಡೆಯವರು. ಸ್ಕೂಲಿನ ಜಗಲಿಯ ಮೇಲೆ ಕೂತು ಕೇಳಿ ತಿಳಿದುಕೊಂಡೆ. ಇನ್ನು ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಹೊಳೆಬೀದಿಯ ಎಲ್ಲ ಬಾಗಿಲಿಗೂ ಹೋಗಿ ಬರುತ್ತೇನೆ, ಅಬ್ಬಾ. ಹೊಸಬರ ಮನೆಗೆ ಮೊದಲು.

ಕೂಸಿಗೆ ಇನ್ನೂ ಹೆಸರಿಟ್ಟಿಲ್ಲವಂತೆ. ಬರುವ ಸೋಮವಾರ ಇಡುತ್ತಾರೆ, ನನ್ನನ್ನೂ ಕರೆದಿದ್ದಾರೆ. ಹೋಗಿ ಕೇಳಿಕೊಂಡು ಬರುತ್ತೇನೆ.

ನಿಮ್ಮ
ಶಮೀಮ್