ಕಣ್ಣಿಲ್ಲದ ಹನ್ನೆರಡು ಚಿತ್ರ

೧೨ ಜೂನ್ ೧೯೯೬, ಪಾಂಡವಪುರ
ಕೆಂಪಣ್ಣನ ಟ್ರ್ಯಾಕ್ಟರ್ ಟ್ರೇಲರಿನ ಹಿಂಬದಿಗೆ ಎರಡು ನವಿಲು ಬರೆದು ಮುಗಿಸಿದೆ. ಕಣ್ಣು ಮಾತ್ರ ಬಾಕಿ. ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ—ಮಾಲೀಕ ಎದುರಿಗೆ ನಿಂತು ಕಾಯಿ ಒಡೆದ ಮೇಲೆಯೇ ಕಣ್ಣು ಬರೆಯುವುದು. ಹನ್ನೊಂದಕ್ಕೆ ಬರಬೇಕಾದವನು ಮೂರಕ್ಕೆ ಬಂದ. "ಲೇ ಚಿಕ್ಕಸ್ವಾಮಿ, ನವ್ಲು ಯಾಕ್ಲಾ ಕೋಳಿ ತರ ಅವೆ?" ಅಂದ. ಕಣ್ಣು ಬರೆದ ಮೇಲೆ ತಾನೇ ಎರಡು ಸಲ ಹಿಂದೆ ಬಂದು ನೋಡಿ ಹೋದ.

೧೫ ಜೂನ್
ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಜಯಲಕ್ಷ್ಮಮ್ಮ ಮೇಡಂ ಕರೆಸಿದ್ದರು. ರಿಟೈರ್ಡ್ ಹೆಡ್‌ಮಿಸ್ಸು, ಈಗ ಮಕ್ಕಳ ಪುಸ್ತಕ ಅಚ್ಚು ಹಾಕಿಸುತ್ತಾರೆ. ನಾನು ಬರೆದ ಸೋಡಾ ಅಂಗಡಿ ಬೋರ್ಡು ನೋಡಿ ಮೆಚ್ಚಿಕೊಂಡರಂತೆ! ಕೆರಿಬಿಯನ್ ದ್ವೀಪದ ಒಬ್ಬ ಚಿತ್ರಕಾರನ ಕಥೆಗೆ ಹನ್ನೆರಡು ಚಿತ್ರ ಬೇಕು. ಅವನೂ ದೋಣಿಗೆ ಬಣ್ಣ ಬಳಿದು, ಅಂಗಡಿ ಬೋರ್ಡು ಬರೆದು, ಆಮೇಲೆ ಪುಸ್ತಕಗಳಿಗೆ ಚಿತ್ರ ಬರೆದವನು. ಒಪ್ಪಿಗೆಯಾದರೆ ವರ್ಷಕ್ಕೆ ನಾಲ್ಕು ಪುಸ್ತಕ ನನಗೇ. ಇಲ್ಲದಿದ್ದರೆ ಮೈಸೂರಿನ ಆರ್ಟಿಸ್ಟಿಗೆ. ನನಗೀಗ ನಲವತ್ತೊಂದು. ಇನ್ನೆಷ್ಟು ದಿನ ಟ್ರೇಲರಿನ ಹಿಂದೆ ಕುಕ್ಕರಗಾಲಲ್ಲಿ ಕೂರುವುದು? ಬೇಕು ಈ ಕೆಲಸ. ತುಂಬಾ ಬೇಕು.

೨೩ ಜೂನ್
ಆ ದ್ವೀಪದಲ್ಲೂ ಕಬ್ಬು ಬೆಳೆಯುತ್ತಾರಂತೆ. ಕಬ್ಬು ನಮ್ಮೂರಲ್ಲೇ ಇದೆ, ನಿಶ್ಚಿಂತೆ! ಸಮುದ್ರವನ್ನು ಮಾತ್ರ ಕಂಡವನಲ್ಲ. ಕನ್ನಂಬಾಡಿ ಹಿನ್ನೀರು ನೋಡಿಕೊಂಡು ಬರೆದೆ. ಹೆಂಡತಿ ಚಲುವಮ್ಮ ಇಣುಕಿ, "ಸಮುದ್ರದಲ್ಲೂ ಎಮ್ಮೆ ಮೈ ತೊಳೀತಾರಾ?" ಅಂದಳು. ಎಮ್ಮೆ ಅಳಿಸಿದೆ.

೪ ಜುಲೈ
ಹನ್ನೆರಡನ್ನೂ ರಟ್ಟಿಟ್ಟು ಕಟ್ಟಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸಿದೆ. ಒಳ್ಳೆಯ ದಿನ ನೋಡಿ ಮೇಡಂ ಕರೆಯುತ್ತಾರೆ. ಹೋಗಿ ಕಣ್ಣು ಬರೆದು ಬಂದರಾಯಿತು.

೯ ಜುಲೈ, ಬೆಳಿಗ್ಗೆ
ಮೇಡಂ ಕಾರ್ಡು ಬಂತು. "ಹನ್ನೆರಡು ಚಿತ್ರಗಳಲ್ಲಿ ಒಬ್ಬರಿಗೂ ಕಣ್ಣಿಲ್ಲ. ಇದೇನು ತಮಾಷೆಯೇ? ಸೋಮವಾರ ಅಚ್ಚಿಗೆ ಹೋಗಬೇಕು. ಮೈಸೂರಿಗೆ ಹೇಳಿಕಳಿಸುತ್ತಿದ್ದೇನೆ."
ಹೇಳಲೇ ಇಲ್ಲವಲ್ಲ ನಾನು! ಊರಿಗೆಲ್ಲ ಗೊತ್ತಿರುವುದು ಅವರಿಗೂ ಗೊತ್ತು ಅಂದುಕೊಂಡಿದ್ದೆ... ಅತ್ತೇಬಿಡುವ ಹಾಗಾಯಿತು. ಚಲುವಮ್ಮ ಬ್ರಶ್ಶು, ಇಂಕು, ಒಂದು ತೆಂಗಿನಕಾಯಿ ಎಲ್ಲವನ್ನೂ ಬ್ಯಾಗಿಗೆ ತುರುಕಿ, "ಕಾರ್ಡ್ ಇಡ್ಕೊಂಡು ಕುಂತ್ರೆ ಆಯ್ತದಾ? ಮೊದ್ಲು ಓಗಿ" ಅಂದಳು.

ಅದೇ ದಿನ, ಸಂಜೆ ೬, ವಾಪಸ್ ಬಸ್ಸಿನಲ್ಲಿ
ನಾನು ಹೇಳಿದ್ದನ್ನೆಲ್ಲ ಮೇಡಂ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ನಗಲು ಶುರು ಮಾಡಿದವರು ನಿಲ್ಲಿಸಲೇ ಇಲ್ಲ. "ಹಾಗಾದ್ರೆ ನಾನೇ ಮಾಲಕಿ, ಬರಿಯಪ್ಪ" ಎಂದು ತಾವೇ ಕಾಯಿ ಒಡೆದು ಎದುರು ಕೂತರು. ಹನ್ನೊಂದು ಸಲೀಸಾಗಿ ಮುಗಿದವು. ಕೊನೆಯದು ಮುಖಪುಟ—ಆ ಚಿತ್ರಕಾರನ ಮುಖವೊಂದೇ, ದೊಡ್ಡದಾಗಿ. ಕೈ ಓಡಲಿಲ್ಲ.
"ಈ ಮುಖಕ್ಕೆ ಅವನೇ ಮಾಲೀಕ ಮೇಡಂ. ಅವ್ನೇ ಎದುರಿಗಿಲ್ವಲ್ಲಾ" ಅಂದೆ.
ಮೇಡಂ ಗೋಡೆಯ ಕನ್ನಡಿ ತೆಗೆದು ನನ್ನ ಮುಂದಿಟ್ಟರು. "ಬೋರ್ಡು ಬರೆದು ಪುಸ್ತಕಕ್ಕೆ ಬಂದೋನು ಇಲ್ಲಿ ಇನ್ಯಾರಿದಾರೆ?"
ಕನ್ನಡಿ ನೋಡಿಕೊಂಡು ಬರೆದೆ. ನಾಲ್ಕು ಪುಸ್ತಕವೂ ನನಗೇ!

೨೮ ಆಗಸ್ಟ್
ಪುಸ್ತಕ ಬಂತು. ಕನ್ನಡಿಯ ವಿಷಯ ಮನೆಯಲ್ಲಿ ಹೇಳಿರಲಿಲ್ಲ. ಚಲುವಮ್ಮ ಮುಖಪುಟವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. ಗುಂಗುರು ಕೂದಲು, ಕಪ್ಪು ಮುಖ, ಹಿಂದೆ ಸಮುದ್ರ. "ಯಾರ್ರೀ ಇವ್ರು? ಯಾಕಿಂಗೆ ನೋಡ್ತಾವ್ರೆ ನನ್ನ?" ಅಂದಳು. ಪುಸ್ತಕ ನೋಡಿದಳು, ನನ್ನ ನೋಡಿದಳು, ಮತ್ತೆ ಪುಸ್ತಕ. ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೆ, ಸೆರಗು ಬಾಯಿಗೆ ಒತ್ತಿಕೊಂಡು ನಾಚಿದಳು. "ಇವು ನಿಮ್ ಕಣ್ಣಲ್ವಾ?"
ಕರೆಯುತ್ತಿದ್ದಾಳೆ. ಮಿಕ್ಕದ್ದು ನಾಳೆ.